ಶಸ್ತ್ರಕ್ರಿಯೆ ಮತ್ತು ನಾಡಿ: ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗದಿಂದ ಕುಷ್ಟಗಿ ತಾಲ್ಲೂಕಿನವರೆಗೆ

ಕರ್ನಾಟಕದಲ್ಲಿ ಆಧುನಿಕ ವೈದ್ಯಕೀಯವು ಬೆಳೆದುಬಂದ ಬಗೆಯನ್ನು ಕುರಿತ ಅಧ್ಯಯನಗಳಲ್ಲಿ ಮೈಸೂರು ಸಂಸ್ಥಾನಕ್ಕೆ ದೊರೆತಿರುವ ಸ್ಥಾನ ದೊಡ್ಡದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಜಿಲ್ಲೆಗಳಿಗೂ ಮಿಷನರಿಗಳು ನೆಲೆಸಿದ ಕರಾವಳಿಗೂ ಸಾಕಷ್ಟು ಪುಟಗಳು ಸಂದಿವೆ. ನಿಜಾಮರ ಆಳ್ವಿಕೆಯಲ್ಲಿದ್ದ ಕನ್ನಡ ಜಿಲ್ಲೆಗಳ ಪಾಲಿಗೆ ಬಂದಿರುವುದು ‘ಹಿಂದುಳಿದಿದ್ದವು’ ಎಂಬ ಒಂದು ಮಾತು ಮಾತ್ರ. ಆ ಮಾತು ಸುಳ್ಳಲ್ಲ, ಪೂರ್ಣವೂ ಅಲ್ಲ. ಶಸ್ತ್ರಕ್ರಿಯೆಗೆ ಒಳಗಾದವನ ಪ್ರಾಣಕ್ಕೆ ಅಪಾಯ ಬರುವುದು ಹೃದಯದ ಕಡೆಯಿಂದಲೋ ಉಸಿರಿನ ಕಡೆಯಿಂದಲೋ, ಅದನ್ನು ಮುಂಚಿತವಾಗಿ ಅರಿಯಲು ವೈದ್ಯನು ಯಾವುದರ ಮೇಲೆ ಕಣ್ಣಿಡಬೇಕು ಎಂಬ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ ಹತ್ತೊಂಬತ್ತನೆಯ ಶತಮಾನದ ದೊಡ್ಡ ಪ್ರಯತ್ನಗಳಲ್ಲೊಂದು ನಡೆದದ್ದು ಹೈದರಾಬಾದ್ ನಗರದಲ್ಲಿ, ನಿಜಾಮ ಸರಕಾರದ ಹಣದಿಂದ. ಆಗ ಕುಷ್ಟಗಿಯು ಆ ಸಂಸ್ಥಾನದ ಲಿಂಗಸುಗೂರು ಜಿಲ್ಲೆಯ ಒಂದು ತಾಲ್ಲೂಕು. ಅದೇ ಪ್ರಶ್ನೆ ಇಂದು ಬೇರೊಂದು ರೂಪದಲ್ಲಿ, ಬೈಪಾಸ್ ಶಸ್ತ್ರಚಿಕಿತ್ಸೆಗೆ ದೂರದ ನಗರಗಳಿಗೆ ಹೋಗಿಬರುವ ಕುಷ್ಟಗಿಯ ರೋಗಿಗಳನ್ನು ತಟ್ಟುತ್ತಿದೆ.

ಆ ಹೊಸ ರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಹೃದಯದ ಮಾಂಸಕ್ಕೆ ರಕ್ತವೊಯ್ಯುವ ಕರೋನರಿ ಧಮನಿಗಳು ಕಟ್ಟಿಕೊಂಡಾಗ ಕಾಲಿನ ಅಭಿಧಮನಿಯನ್ನೋ ಎದೆಗೋಡೆಯ ಒಳಧಮನಿಯನ್ನೋ ತಂದು ಕಸಿಮಾಡಿ ರಕ್ತಕ್ಕೆ ಬಳಸುದಾರಿ ಮಾಡಿಕೊಡುವುದೇ ಬೈಪಾಸ್ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿ ಮುಗಿದು, ರೋಗಿ ಎದ್ದು ಕುಳಿತು ಗಂಜಿ ಕುಡಿಯುವ ಹೊತ್ತಿಗೆ, ಹೆಚ್ಚಾಗಿ ಎರಡನೆಯ ಅಥವಾ ಮೂರನೆಯ ದಿನ, ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸುವುದನ್ನು ಬಿಟ್ಟು ಅದುರತೊಡಗುವುದುಂಟು. ಇದನ್ನು ಹೃತ್ಕರ್ಣ ಕಂಪನ ಅಥವಾ ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಕೆಳಗಿನ ಕೋಣೆಗಳಿಗೆ ಆಗ ಗೊತ್ತುಗುರಿಯಿಲ್ಲದ ಸಂದೇಶಗಳು ಇಳಿಯುವುದರಿಂದ ನಾಡಿಯು ಓಡುತ್ತದೆ, ಎಡವುತ್ತದೆ, ಎರಡು ಬಡಿತಗಳ ನಡುವಿನ ಅಂತರ ಒಂದರಂತೆ ಮತ್ತೊಂದು ಇರುವುದಿಲ್ಲ. ಬೈಪಾಸ್ ಆದವರಲ್ಲಿ ಹತ್ತರಲ್ಲಿ ಸುಮಾರು ಮೂವರಿಗೆ ಇದು ಬರುತ್ತದೆ. ಬಹುಪಾಲು ಕೆಲವೇ ದಿನಗಳಲ್ಲಿ ತಾನೇ ಶಮನವಾಗುತ್ತದೆ. ಆದರೆ ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಉತ್ತರ ಕರ್ನಾಟಕದವರು ‘ಲಕ್ವ ಹೊಡೆಯಿತು’ ಎನ್ನುವ ಪಾರ್ಶ್ವವಾಯು. ಆದುದರಿಂದ ಇದು ಯಾರಿಗೆ ಬಂದೀತು ಎಂದು ಮುಂಚಿತವಾಗಿ ಹೇಳಬಲ್ಲ ವಿದ್ಯೆಗಾಗಿ ವೈದ್ಯಲೋಕ ಹಲವು ದಶಕಗಳಿಂದ ಹುಡುಕುತ್ತಿದೆ.

ನಾಡಿಯ ಲಯಭಂಗವನ್ನು ನೋಡಿ ಮುಂದಾಗುವುದನ್ನು ಹೇಳುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ. ಚರಕ, ಸುಶ್ರುತರಲ್ಲಿ ವಿವರವಾಗಿ ಕಾಣದ ನಾಡೀಪರೀಕ್ಷೆಯು ಶಾರ್ಙ್ಗಧರ ಸಂಹಿತೆಯ ಹೊತ್ತಿಗೆ ಸ್ಪಷ್ಟ ರೂಪ ಪಡೆಯುತ್ತದೆ. ವಾತದ ನಾಡಿಗೆ ಹಾವು ಜಿಗಣೆಗಳ ನಡೆ, ಪಿತ್ತಕ್ಕೆ ಕಾಗೆ ಕಪ್ಪೆಗಳ ನೆಗೆತ, ಕಫಕ್ಕೆ ಹಂಸದ ಗತಿ ಎಂಬ ಹೋಲಿಕೆಗಳ ಜೊತೆಗೆ, ನಿಂತು ನಿಂತು ನಡೆಯುವ ನಾಡಿಯು ಪ್ರಾಣಹಾನಿಯ ಸೂಚನೆಯೆಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷನ ಕಾಲದೊಡನೆ ಸಂಬಂಧ ಕಲ್ಪಿಸಲಾಗಿರುವ ಉಗ್ರಾದಿತ್ಯನ ‘ಕಲ್ಯಾಣಕಾರಕ’ದಿಂದ ಹಿಡಿದು ಜಗದ್ದಳ ಸೋಮನಾಥನ ಕನ್ನಡ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ಗಳವರೆಗೆ ಈ ಪ್ರದೇಶದ ವೈದ್ಯಗ್ರಂಥ ಪರಂಪರೆ ದೀರ್ಘವಾದುದು. ಇದನ್ನು ಆಧುನಿಕ ಹೃದ್ರೋಗಶಾಸ್ತ್ರದ ಪೂರ್ವರೂಪವೆಂದು ಬಣ್ಣಿಸುವ ಉತ್ಸಾಹ ಅನಗತ್ಯ. ಹಳ್ಳಿಯ ವೈದ್ಯನ ಬೆರಳುಗಳು ಮಣಿಕಟ್ಟಿನ ಮೇಲೆ ಕೂರುವುದು ವಾಡಿಕೆಯಾಗಿತ್ತು, ಲಯ ತಪ್ಪಿದ ನಾಡಿಗೆ ಅರ್ಥವಿದೆ ಎಂಬ ತಿಳಿವಳಿಕೆ ಜನಸಾಮಾನ್ಯರಲ್ಲೂ ಇತ್ತು ಎಂಬಷ್ಟನ್ನು ಒಪ್ಪಿದರೆ ಸಾಕು. ಏಕೆಂದರೆ ಮುಂದೆ ಹೇಳಲಿರುವ ಪ್ರಸಂಗದ ವ್ಯಂಗ್ಯವು ಇದರಿಂದಲೇ ತಿಳಿಯುತ್ತದೆ.

1885ರಲ್ಲಿ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿ ಬಂದ ಎಡ್ವರ್ಡ್ ಲಾರಿ ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥನೂ ಆದನು. ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್‌ನ ಪಾಠವನ್ನು ಒಪ್ಪಿಕೊಂಡು ಬಂದವನು ಅವನು. ಕ್ಲೋರೋಫಾರ್ಮ್ ಕೊಡುವಾಗ ರೋಗಿಯ ಉಸಿರನ್ನು ಮಾತ್ರ ನೋಡಬೇಕು, ನಾಡಿಯನ್ನು ಹಿಡಿದು ಕೂರುವುದು ಗಮನವನ್ನು ಬೇರೆಡೆಗೆ ಸೆಳೆಯುವ ಕೆಟ್ಟ ಅಭ್ಯಾಸ ಎಂಬುದು ಆ ಪಾಠದ ಸಾರ. ಲಂಡನ್ನಿನ ವೈದ್ಯರ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು. ಕ್ಲೋರೋಫಾರ್ಮಿನಿಂದ ಹೃದಯವೇ ಹಠಾತ್ತನೆ ನಿಲ್ಲಬಹುದು, ಆದುದರಿಂದ ಒಂದು ಬೆರಳು ಸದಾ ನಾಡಿಯ ಮೇಲಿರಬೇಕೆಂದು ಅವರು ಕಲಿಸುತ್ತಿದ್ದರು. ಶತಮಾನಗಳಿಂದ ನಾಡಿ ಹಿಡಿದು ಬಂದ ಸೀಮೆಯ ರಾಜಧಾನಿಯಲ್ಲಿ, ದೇಶೀಯ ವಿದ್ಯಾರ್ಥಿಗಳಿಗೆ ನಾಡಿಯನ್ನು ಬಿಟ್ಟುಬಿಡಿ ಎಂದು ಪಾಶ್ಚಾತ್ಯ ವೈದ್ಯನೊಬ್ಬ ಬೋಧಿಸಿದ್ದು ಚರಿತ್ರೆಯ ಒಂದು ವಿಚಿತ್ರ.

ತನ್ನ ಮತವನ್ನು ಸ್ಥಾಪಿಸಲು ಲಾರಿಯು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರಕಾರದ ನೆರವಿನಿಂದ 1888ರಲ್ಲಿ ಒಂದು ಆಯೋಗವನ್ನು ರಚಿಸಿದನು. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ಅವನು ಬಯಸಿದ್ದ ಫಲವನ್ನೇ ಕೊಟ್ಟವು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಒಪ್ಪಲಿಲ್ಲ. ಆಗ ನಿಜಾಮ ಸರಕಾರವು ಪತ್ರಿಕೆಯೇ ಒಬ್ಬ ತಜ್ಞನನ್ನು ಕಳುಹಿಸಲಿ, ಅದಕ್ಕೆ ಸಾವಿರ ಪೌಂಡುಗಳನ್ನು ಕೊಡುವೆವು ಎಂದಿತು. 1889ರ ಕೊನೆಯಲ್ಲಿ ಪ್ರಸಿದ್ಧ ಔಷಧಶಾಸ್ತ್ರಜ್ಞ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದನು. ನಾಯಿ, ಕೋತಿ, ಕುದುರೆ, ಮೇಕೆ, ಬೆಕ್ಕು, ಮೊಲ ಸೇರಿ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗಗಳಾದವು. ನೂರಕ್ಕೂ ಹೆಚ್ಚು ಪ್ರಯೋಗಗಳಲ್ಲಿ ರಕ್ತದೊತ್ತಡವನ್ನು ಯಂತ್ರದಿಂದ ಅಳೆದು ದಾಖಲಿಸಲಾಯಿತು. ಮೊದಲು ಹೃದಯದ ಪಕ್ಷವಹಿಸಿದ್ದ ಬ್ರಂಟನ್ ಕೊನೆಗೆ ಲಾರಿಯ ಪಕ್ಷಕ್ಕೆ ಬಂದನು: ಎಲ್ಲ ಸಂದರ್ಭಗಳಲ್ಲೂ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ. ಈ ಶಾಲೆಯಲ್ಲಿಯೇ ಕಲಿತ ರೂಪಾಬಾಯಿ ಫರ್ದೂನ್‌ಜಿಯವರು ಕ್ಲೋರೋಫಾರ್ಮ್ ಕೊಡುವುದರಲ್ಲಿ ನಿಪುಣರಾಗಿ, ಅರಿವಳಿಕೆಯನ್ನೇ ವೃತ್ತಿಯಾಗಿಸಿಕೊಂಡ ಜಗತ್ತಿನ ಮೊದಲ ಮಹಿಳೆಯರಲ್ಲಿ ಒಬ್ಬರೆನಿಸಿದರು ಎಂಬುದನ್ನು ಇಲ್ಲಿ ನೆನೆಯಬೇಕು.

ಆಯೋಗದ ತೀರ್ಮಾನ ತಪ್ಪಾಗಿತ್ತು. ಅದೇ 1889ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಮ್ಯಾಕ್‌ವಿಲಿಯಂ ಎಂಬ ಶರೀರಶಾಸ್ತ್ರಜ್ಞ, ಮನುಷ್ಯನ ಹಠಾತ್ ಮರಣಕ್ಕೆ ಹೃದಯದ ಕೆಳಕೋಣೆಗಳ ಅದುರುವಿಕೆ ಕಾರಣವಾಗಿರಬಹುದೆಂದು ಬರೆದಿದ್ದನು. ಮರುವರ್ಷವೇ ಹೈದರಾಬಾದಿನ ನಿಷ್ಕರ್ಷೆಯನ್ನೂ ಪ್ರಶ್ನಿಸಿದನು. ನಿಜವಾದ ಕಾರಣ ಹೊರಬಿದ್ದದ್ದು 1911ರಲ್ಲಿ. ಗುಡ್‌ಮನ್ ಲೆವಿ ಮತ್ತು ಥಾಮಸ್ ಲೂಯಿಸ್ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕ್ಲೋರೋಫಾರ್ಮ್ ಹೆಚ್ಚಾದಾಗ ಅಲ್ಲ, ಕಡಿಮೆಯಿದ್ದಾಗಲೇ ಹೃದಯದ ಲಯ ಕೆಡುತ್ತದೆ, ಅದೇ ಮುಂದುವರಿದು ಕೆಳಕೋಣೆಗಳ ಕಂಪನವಾಗುತ್ತದೆ ಎಂಬುದು ಕಂಡುಬಂದಿತು. ಭಯಗೊಂಡ ರೋಗಿಯ ರಕ್ತದಲ್ಲಿ ಅಡ್ರಿನಲಿನ್ ಉಕ್ಕುವ ಆರಂಭದ ಕ್ಷಣಗಳೇ ಅಪಾಯದ ಕ್ಷಣಗಳು. ಹೈದರಾಬಾದಿನ ಪ್ರಯೋಗಗಳು ಹೆಚ್ಚಾಗಿ ಆಳವಾದ ಅರಿವಳಿಕೆಯಲ್ಲಿ ಮುಳುಗಿದ್ದ ಪ್ರಾಣಿಗಳ ಮೇಲೆ ನಡೆದಿದ್ದವು. ಅಳತೆಗಳು ಸುಳ್ಳಾಗಿರಲಿಲ್ಲ, ಶ್ರಮಕ್ಕೂ ಕೊರತೆಯಿರಲಿಲ್ಲ. ಹೃದಯ ಲಯ ತಪ್ಪುವ ಹೊತ್ತಿನಲ್ಲಿ ಅದನ್ನು ನೋಡಲಿಲ್ಲ, ಅಷ್ಟೆ. ಈ ಒಂದು ಸಂಗತಿಗಾಗಿಯೇ ಹೈದರಾಬಾದ್ ಆಯೋಗವನ್ನು ಇಂದಿಗೂ ಓದಬೇಕಾಗಿದೆ. ಕೆಳಕೋಣೆಗಳ ಆ ಮಾರಕ ಕಂಪನವೂ ಬೈಪಾಸ್ ನಂತರ ಬರುವ ಹೃತ್ಕರ್ಣ ಕಂಪನವೂ ಒಂದೇ ಅಲ್ಲ. ಎರಡನೆಯದು ಬಹಳಮಟ್ಟಿಗೆ ಸೌಮ್ಯ. ಆದರೂ ಎರಡನ್ನೂ ಕುರಿತ ವಿಜ್ಞಾನ ಒಂದೇ ಕಾಲದಲ್ಲಿ, ಹೆಚ್ಚುಕಡಿಮೆ ಅವೇ ಕೈಗಳಲ್ಲಿ ರೂಪುಗೊಂಡಿತು. ಐಂಥೋವೆನ್ ನಿರ್ಮಿಸಿದ ತಂತಿ ಗ್ಯಾಲ್ವನೋಮೀಟರಿನಿಂದ ಹೃದಯದ ವಿದ್ಯುತ್ತನ್ನು ಕಾಗದಕ್ಕಿಳಿಸುವುದು ಸಾಧ್ಯವಾದ ಮೇಲೆ, 1909ರಲ್ಲಿ ಇದೇ ಥಾಮಸ್ ಲೂಯಿಸ್ ಮತ್ತು ವಿಯೆನ್ನಾದ ರೋತ್‌ಬರ್ಗರ್, ವಿಂಟರ್‌ಬರ್ಗ್ ಅವರು ‘ಸದಾ ಕ್ರಮ ತಪ್ಪಿದ ನಾಡಿ’ಗೆ ಹೃತ್ಕರ್ಣ ಕಂಪನವೇ ಕಾರಣವೆಂದು ತೋರಿಸಿದರು.

ಬೈಪಾಸ್ ಶಸ್ತ್ರಚಿಕಿತ್ಸೆಯ ಚರಿತ್ರೆ ಪ್ರಸಿದ್ಧವಾದುದು. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಅರ್ಜೆಂಟೀನಾದ ರೆನೆ ಫವಲೋರೊ ಕಾಲಿನ ಅಭಿಧಮನಿಯನ್ನು ಬಳಸಿ ಈ ಪದ್ಧತಿಯನ್ನು ನೆಲೆಗೊಳಿಸಿದರು. ಭಾರತದಲ್ಲಿ 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಮೊದಲ ಬೈಪಾಸ್ ನಡೆಸಿದರು. ಹಗಲಿರುಳೂ ಹೃದಯದ ಗೆರೆಯನ್ನು ತೋರಿಸುವ ಮಾನಿಟರುಗಳು ತೀವ್ರನಿಗಾ ಘಟಕಗಳಿಗೆ ಬಂದದ್ದೂ ಸುಮಾರು ಈ ಕಾಲದಲ್ಲೇ. ಆ ಪರದೆಗಳಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಎರಡನೆಯ, ಮೂರನೆಯ ದಿನದ ಕಂಪನ ಇಷ್ಟು ಸಾಮಾನ್ಯವೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೃದಯಪೊರೆಯೊಳಗೆ ಉಳಿದ ರಕ್ತ, ಶಸ್ತ್ರಕ್ರಿಯೆಯಿಂದೇಳುವ ಉರಿಯೂತ, ದೇಹದಲ್ಲಿ ಹೆಚ್ಚಿದ ದ್ರವ, ನೋವು ಮತ್ತು ಆತಂಕದಿಂದ ಕೆರಳಿದ ನರಗಳು ಇವೆಲ್ಲ ಸೇರಿ ವಯಸ್ಸಿನಿಂದ ಮೊದಲೇ ಸವೆದ ಹೃತ್ಕರ್ಣವನ್ನು ಅಲುಗಾಡಿಸುತ್ತವೆ. ಮಿಡಿಯುತ್ತಿರುವ ಹೃದಯದ ಮೇಲೆಯೇ, ಕೃತಕ ಪಂಪಿನ ನೆರವಿಲ್ಲದೆ ಶಸ್ತ್ರಕ್ರಿಯೆ ನಡೆಸಿದರೂ ಈ ತೊಂದರೆ ಇಲ್ಲವಾಗುವುದಿಲ್ಲ.

ಭವಿಷ್ಯ ಹೇಳುವ ಪ್ರಯತ್ನಗಳಲ್ಲಿ ಎರಡು ಧಾರೆಗಳಿವೆ. ಒಂದು, ಇ.ಸಿ.ಜಿ. ಗೆರೆಯಲ್ಲಿಯೇ ಮುನ್ಸೂಚನೆಯನ್ನು ಹುಡುಕುವುದು. ಹೃತ್ಕರ್ಣದ ಸಂಕೋಚನವನ್ನು ತೋರಿಸುವ ‘ಪಿ’ ಅಲೆ ಅಗಲವಾಗಿದ್ದರೆ ವಿದ್ಯುತ್ತು ನಿಧಾನವಾಗಿ, ಮುರಿದು ಮುರಿದು ಹರಡುತ್ತಿದೆ ಎಂದರ್ಥ. 1990ರ ದಶಕದ ಆರಂಭದಲ್ಲಿ ನೂರಾರು ಬಡಿತಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆದ ‘ಪಿ’ ಅಲೆಯನ್ನು ಅಳೆದು, ಬೈಪಾಸ್ ನಂತರದ ಕಂಪನವನ್ನು ಮುನ್ಸೂಚಿಸಲು ಯತ್ನಿಸಿದರು. ಇನ್ನೊಂದು ಧಾರೆ ರೋಗಿಯ ಚರಿತ್ರೆಯಿಂದ ಅಂಕಪಟ್ಟಿ ಕಟ್ಟುವುದು. ಇದರಲ್ಲಿ ಹೆಸರಾದದ್ದು 2004ರಲ್ಲಿ ಪ್ರಕಟವಾದ ಜೋಸೆಫ್ ಮ್ಯಾಥ್ಯೂ ಮತ್ತು ಸಂಗಡಿಗರ ಅಧ್ಯಯನ. 17 ದೇಶಗಳ 70 ಕೇಂದ್ರಗಳಲ್ಲಿ 1996ರಿಂದ 2000ದವರೆಗೆ ಬೈಪಾಸ್ ಆದ 4,657 ರೋಗಿಗಳನ್ನು ಅದು ಗಮನಿಸಿತು. ಅವರಲ್ಲಿ 1,503 ಮಂದಿಗೆ, ಅಂದರೆ ಶೇ. 32.3 ರಷ್ಟು ಜನರಿಗೆ ಹೃತ್ಕರ್ಣ ಕಂಪನ ಬಂದಿತ್ತು. ವಯಸ್ಸು ಹತ್ತು ವರ್ಷ ಹೆಚ್ಚಿದಂತೆ ಸಂಭವ ಬಹಳಷ್ಟು ಏರುತ್ತದೆ. ಹಿಂದೆ ಒಮ್ಮೆ ಕಂಪನ ಬಂದಿದ್ದವರು, ದೀರ್ಘಕಾಲದ ಶ್ವಾಸಕೋಶ ರೋಗವುಳ್ಳವರು, ಜೊತೆಗೆ ಕವಾಟದ ಶಸ್ತ್ರಕ್ರಿಯೆಯೂ ಆದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಬೀಟಾ ಬ್ಲಾಕರ್ ಗುಳಿಗೆಯನ್ನು ಮೊದಲು ತೆಗೆದುಕೊಳ್ಳುತ್ತಿದ್ದು ಶಸ್ತ್ರಚಿಕಿತ್ಸೆಯ ನಂತರ ನಿಲ್ಲಿಸಿದರೆ ಅಪಾಯ ಏರುತ್ತದೆ; ನಿಲ್ಲಿಸದೆ ಮುಂದುವರಿಸಿದರೆ ಇಳಿಯುತ್ತದೆ.

2014ರಲ್ಲಿ ಯೂರೋಪಿನ ಮೂರು ಆಸ್ಪತ್ರೆಗಳ ಹದಿನೇಳು ಸಾವಿರಕ್ಕೂ ಹೆಚ್ಚು ರೋಗಿಗಳಿಂದ ಇನ್ನೂ ಸರಳವಾದ ಅಂಕಪಟ್ಟಿಯೊಂದು ಸಿದ್ಧವಾಯಿತು. ವಯಸ್ಸು, ಶ್ವಾಸಕೋಶ, ಮೂತ್ರಪಿಂಡ, ತುರ್ತು ಶಸ್ತ್ರಕ್ರಿಯೆ, ಹೃದಯದ ಬಲ, ಕವಾಟ ಮುಂತಾದವಕ್ಕೆ ಅಂಕಗಳನ್ನು ಕೂಡುವುದಷ್ಟೇ ಅದರ ವಿಧಾನ. ಇಂಥ ಪಟ್ಟಿಗಳ ಸಾಮರ್ಥ್ಯವನ್ನು ಅಳೆಯುವ ಸಂಖ್ಯೆಯೊಂದಿದೆ. ನಾಣ್ಯ ಚಿಮ್ಮಿ ಹೇಳಿದರೆ 0.5, ಎಂದೂ ತಪ್ಪದಿದ್ದರೆ 1. ಈ ಪಟ್ಟಿಗೆ ದೊರೆತದ್ದು ಸುಮಾರು 0.65. ನಾಣ್ಯಕ್ಕಿಂತ ಮೇಲು, ಆದರೆ ಒಬ್ಬ ನಿರ್ದಿಷ್ಟ ರೋಗಿಯ ಮಂಚದ ಪಕ್ಕದಲ್ಲಿ ನಿಂತು ನಿನಗೆ ಬರುತ್ತದೆ, ನಿನಗಿಲ್ಲ ಎನ್ನುವಷ್ಟು ಬಲವುಳ್ಳದ್ದಲ್ಲ. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಲಕ್ಷಾಂತರ ಇ.ಸಿ.ಜಿ.ಗಳಿಂದ ಗಣಕಯಂತ್ರಕ್ಕೆ ತರಬೇತಿ ಕೊಟ್ಟು, ಲಯ ಸರಿಯಿರುವಾಗ ತೆಗೆದ ಗೆರೆಯಲ್ಲಿಯೂ ಅಡಗಿರುವ ಕಂಪನದ ಗುರುತನ್ನು ಹಿಡಿಯಬಹುದೆಂದು ತೋರಿಸಿದ ಮೇಲೆ ಮೊದಲ ಧಾರೆಗೆ ಮತ್ತೆ ಜೀವ ಬಂದಿದೆ. ಬಂದರೂ, ಯಂತ್ರಕ್ಕೆ ಓದಲು ಶಸ್ತ್ರಚಿಕಿತ್ಸೆಗೆ ಮುಂಚಿನ ಒಂದು ಇ.ಸಿ.ಜಿ. ಇರಲೇಬೇಕು. ಅಂಕಪಟ್ಟಿ ತುಂಬಲು ರೋಗಿಯ ಹಿಂದಿನ ಹತ್ತು ವರ್ಷಗಳ ವಿವರ ಯಾರ ಬಳಿಯಾದರೂ ಇರಬೇಕು. ಭವಿಷ್ಯ ಹೇಳುವ ವಿದ್ಯೆಯೆಂದು ಕರೆದರೂ ಇದು ಮೂಲತಃ ಭೂತಕಾಲದ ದಾಖಲೆಯ ವಿದ್ಯೆ. ಕುಷ್ಟಗಿಯ ಚರಿತ್ರೆಯು ಇಲ್ಲಿ ಪ್ರಸ್ತುತವಾಗುವುದು ಈ ಕಾರಣದಿಂದ.

1905ರಲ್ಲಿ ಲಿಂಗಸುಗೂರು ಜಿಲ್ಲೆ ರದ್ದಾಗಿ ಕುಷ್ಟಗಿಯು ರಾಯಚೂರಿಗೆ ಸೇರಿತು. ನೆರೆಯ ಕೊಪ್ಪಳ, ಯಲಬುರ್ಗಾಗಳು ಸಾಲಾರ್‌ಜಂಗರ ಜಾಗೀರಿನಲ್ಲಿದ್ದವು. ಸಂಸ್ಥಾನದ ದೊಡ್ಡ ಆಸ್ಪತ್ರೆಗಳೂ ವೈದ್ಯಶಿಕ್ಷಣವೂ ಹೈದರಾಬಾದ್ ನಗರದಲ್ಲಿಯೇ ಕೇಂದ್ರೀಕೃತವಾಗಿದ್ದವು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದ ಒಕ್ಕೂಟಕ್ಕೆ ಸೇರಿ, 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ಒಂದಾದಾಗ ಕುಷ್ಟಗಿಯವರ ರಾಜಧಾನಿ ಪೂರ್ವದಿಂದ ದಕ್ಷಿಣಕ್ಕೆ ಬದಲಾಯಿತು, ದೂರ ಕಡಿಮೆಯಾಗಲಿಲ್ಲ. ಮುಂದಿನ ಏಳೆಂಟು ವರ್ಷಗಳಲ್ಲಿ ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ, ಬೆಳಗಾವಿಗಳಲ್ಲಿ ವೈದ್ಯಕೀಯ ಕಾಲೇಜುಗಳು ತೆರೆದವು. ಕೊಪ್ಪಳವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ಹೃದಯದ ವಿಷಯದಲ್ಲಂತೂ ಬಹುಕಾಲ ದಾರಿ ಬೆಂಗಳೂರಿನದೇ. 1972ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಒಂದು ಘಟಕವಾಗಿ ಆರಂಭವಾದ ಜಯದೇವ ಹೃದ್ರೋಗ ಸಂಸ್ಥೆಯು ಸರಕಾರಿ ವಲಯದಲ್ಲಿ ಬಡವರ ಆಸರೆಯಾಗಿ ಬೆಳೆಯಿತು. 2000ದ ನಂತರ ನಾರಾಯಣ ಹೃದಯಾಲಯವೂ ಸೇರಿದಂತೆ ಖಾಸಗಿ ಆಸ್ಪತ್ರೆಗಳು ವಿಸ್ತರಿಸಿದವು. ಕುಷ್ಟಗಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿನ ಸಮೀಪ.

ಈ ದೂರವನ್ನು ಹಣದ ಮಟ್ಟಿಗೆ ಕಡಿಮೆ ಮಾಡಿದವು ಎರಡು ಯೋಜನೆಗಳು. 2002ರ ನವೆಂಬರಿನಲ್ಲಿ ಉದ್ಘಾಟನೆಗೊಂಡು 2003ರಲ್ಲಿ ಜಾರಿಗೆ ಬಂದ ಯಶಸ್ವಿನಿಯು ಸಹಕಾರ ಸಂಘಗಳ ಸದಸ್ಯ ರೈತರಿಗೆ ತಿಂಗಳಿಗೆ ಐದು ರೂಪಾಯಿಯ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆಯ ಭರವಸೆ ಕೊಟ್ಟಿತು. 2010ರಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಜಾರಿಗೆ ಬಂದಾಗ ಅದನ್ನು ಮೊದಲು ಅನ್ವಯಿಸಿದ್ದು, ಅಪರೂಪವೆಂಬಂತೆ, ಕಲಬುರಗಿ ವಿಭಾಗಕ್ಕೆ. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ಮಾತ್ರ ಮೀಸಲಾದ ಯೋಜನೆ ಅದು. ದೂರದ ಆಸ್ಪತ್ರೆಗಳ ವೈದ್ಯರು ತಾಲ್ಲೂಕುಗಳಿಗೆ ಬಂದು ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುವ ಕ್ರಮ ಅದರ ಭಾಗವಾಗಿತ್ತು. ಇದರ ಫಲವನ್ನು ಅಳೆದ ಅಧ್ಯಯನವೊಂದು 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದಿತು. ಯೋಜನೆಯಿದ್ದ ಉತ್ತರದ ಜಿಲ್ಲೆಗಳ ಮತ್ತು ಆಗಿನ್ನೂ ಯೋಜನೆಯಿರದ ದಕ್ಷಿಣದ ಜಿಲ್ಲೆಗಳ ಗಡಿಯ ಎರಡು ಬದಿಯ 572 ಹಳ್ಳಿಗಳನ್ನು ಹೋಲಿಸಿದಾಗ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಮರಣವು ಬಡ ಕುಟುಂಬಗಳಲ್ಲಿ ಶೇ. 0.90ಕ್ಕೆ ಎದುರಾಗಿ ಶೇ. 0.32 ಇತ್ತು. ಆಡಳಿತದ ಗಡಿರೇಖೆಯೊಂದು ಜೀವ ಮರಣಗಳ ರೇಖೆಯಾದುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಬರಹ ಕರ್ನಾಟಕದ ಮಟ್ಟಿಗೆ ವಿರಳ.

ಆದರೆ ಈ ಯೋಜನೆಗಳ ಕಣ್ಣು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಮೇಲಿತ್ತು. ಅದಕ್ಕೆ ಮುಂಚಿನ ವರ್ಷಗಳೂ ನಂತರದ ವಾರಗಳೂ ಲೆಕ್ಕದ ಹೊರಗೆ ಉಳಿದವು. ಸಾಮಾನ್ಯವಾಗಿ ಬೈಪಾಸ್ ಆದ ರೋಗಿಯನ್ನು ಒಂದು ವಾರದ ಆಚೀಚೆ ಮನೆಗೆ ಕಳುಹಿಸಲಾಗುತ್ತದೆ. ಆ ವಾರದೊಳಗಿನ ಲಯಭಂಗವನ್ನು ಮಾನಿಟರು ಹಿಡಿಯುತ್ತದೆ. ಆಮೇಲಿನದನ್ನು ಹಿಡಿಯುವವರು ಯಾರು? ಕೆನಡಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟಿತು. ಆಸ್ಪತ್ರೆಯಲ್ಲಿದ್ದಾಗ ಕಂಪನ ಬಾರದಿದ್ದ ಅಥವಾ ಅಲ್ಪಕಾಲ ಮಾತ್ರ ಬಂದಿದ್ದ, ಆದರೆ ಪಾರ್ಶ್ವವಾಯುವಿನ ಸಂಭವವಿದ್ದ 336 ಮಂದಿಯಲ್ಲಿ ಅರ್ಧದಷ್ಟು ಜನರ ಎದೆಗೆ ಮನೆಗೆ ಹೋದ ಮೇಲೆ ಮೂವತ್ತು ದಿನ ಅಂಟುಪಟ್ಟಿಯ ಇ.ಸಿ.ಜಿ. ಉಪಕರಣವನ್ನು ಹಚ್ಚಲಾಯಿತು. ಅವರಲ್ಲಿ ಶೇ. 19.6 ಜನರಿಗೆ ಆರು ನಿಮಿಷಕ್ಕೂ ಮಿಗಿಲಾದ ಲಯಭಂಗ ಕಂಡಿತು. ಎಂದಿನಂತೆ ಬಿಟ್ಟವರಲ್ಲಿ ಪತ್ತೆಯಾದದ್ದು ಶೇ. 1.7 ಮಾತ್ರ. ಬಾರದೇ ಇದ್ದದ್ದಲ್ಲ, ನೋಡದೇ ಇದ್ದದ್ದು. 1889ರ ಹೈದರಾಬಾದಿನ ತಪ್ಪಿಗೆ ಇದು ದೂರದ ಬಂಧುವಿನಂತಿದೆ. ಹೀಗೆ ಪತ್ತೆಯಾದ ಪ್ರತಿಯೊಂದು ಕಂಪನವೂ ಪಾರ್ಶ್ವವಾಯುವಾಗುತ್ತದೆ ಎಂದಲ್ಲ. ಶಸ್ತ್ರಚಿಕಿತ್ಸೆಯ ನಂತರ ಬರುವ ಕಂಪನದಲ್ಲಿ ಹೆಪ್ಪಿನ ಅಪಾಯವು ತಾನಾಗಿ ಬರುವ ಕಂಪನಕ್ಕಿಂತ ಕಡಿಮೆಯೆಂದು 2018ರ ಡೆನ್ಮಾರ್ಕಿನ ಅಧ್ಯಯನವೊಂದು ಹೇಳಿದೆ. ಅಮೆರಿಕದ ಹೃದ್ರೋಗ ಸಂಘಗಳ 2023ರ ಮಾರ್ಗಸೂಚಿಯು, ರಕ್ತಸ್ರಾವದ ಭಯವಿಲ್ಲದಿದ್ದರೆ, ಸುಮಾರು ಅರವತ್ತು ದಿನ ಹೆಪ್ಪುನಿರೋಧಕ ಔಷಧ ಕೊಟ್ಟು ಮತ್ತೆ ಪರಿಶೀಲಿಸಬಹುದೆಂದು ಸೂಚಿಸುತ್ತದೆ. ‘ಮತ್ತೆ ಪರಿಶೀಲಿಸುವುದು’ ಎಂಬ ಎರಡು ಪದಗಳು ಬೆಂಗಳೂರಿನಲ್ಲಿರುವವನಿಗೂ ತಾವರಗೇರಾದ ಅಥವಾ ಹನುಮಸಾಗರದ ಕೃಷಿಕೂಲಿಗೂ ಒಂದೇ ಅರ್ಥ ಕೊಡುವುದಿಲ್ಲ. ಹೆಪ್ಪುನಿರೋಧಕ ವಾರ್ಫರಿನ್ ಆಗಿದ್ದರೆ ರಕ್ತವನ್ನು ಪದೇಪದೇ ಪರೀಕ್ಷಿಸಿ ಪ್ರಮಾಣವನ್ನು ಹೊಂದಿಸಬೇಕು. ಅದು ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ.

ಮುಂಚಿನ ವರ್ಷಗಳ ಮಾತೂ ಇಷ್ಟೇ ಮುಖ್ಯ. ಮೇಲೆ ಹೇಳಿದ ಅಂಕಪಟ್ಟಿಗಳಲ್ಲಿ ಮರಳಿ ಮರಳಿ ಬರುವ ಅಂಶ ಶ್ವಾಸಕೋಶದ ದೀರ್ಘರೋಗ. ಯೂರೋಪಿನ ಪಟ್ಟಿಗಳಲ್ಲಿ ಅದರ ಹಿಂದಿರುವುದು ಬಹುತೇಕ ಸಿಗರೇಟು. ಬೀಡಿಯ ಜೊತೆಗೆ ಕಟ್ಟಿಗೆಯ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತ ಹೊಗೆ ಕುಡಿದ ಹೆಂಗಸರ ದಮ್ಮು, ಇಳಕಲ್–ಕುಷ್ಟಗಿ ಸುತ್ತಲಿನ ಗುಲಾಬಿ ಗ್ರಾನೈಟ್ ಗಣಿಗಳಲ್ಲಿ ಕಲ್ಲುಧೂಳು ನುಂಗಿದವರ ಕೆಮ್ಮು ಈ ಸೀಮೆಯಲ್ಲಿ ಅದೇ ಅಂಕಣದೊಳಗೆ ಬರಬೇಕಾದವು. ಅವು ರೋಗವೆಂದು ಎಲ್ಲಿಯೂ ಬರೆಯಲ್ಪಡದಿದ್ದರೆ ಅಂಕಪಟ್ಟಿಯಲ್ಲಿ ಸೊನ್ನೆಯೇ ಬೀಳುತ್ತದೆ, ರೋಗಿಯು ಕಾಗದದ ಮೇಲೆ ಸುರಕ್ಷಿತನಾಗುತ್ತಾನೆ. ಬಾಲ್ಯದ ಸಂಧಿವಾತ ಜ್ವರದಿಂದ ಕವಾಟ ಕೆಟ್ಟು ಹೃತ್ಕರ್ಣ ಹಿಗ್ಗಿದವರ ಕಥೆಯೂ ಇದೇ. ಬಡತನದೊಡನೆ ಹೆಣೆದುಕೊಂಡ ಆ ಕಾಯಿಲೆಯು ಯೂರೋಪಿನಲ್ಲಿ ಈಗ ವಿರಳ. ಭಾರತದಲ್ಲಿ ಹೃತ್ಕರ್ಣ ಕಂಪನಕ್ಕೆ ಇಂದಿಗೂ ಮುಖ್ಯ ಕಾರಣಗಳಲ್ಲೊಂದು. ಕೊನೆಯದಾಗಿ ವಯಸ್ಸು. ಎಲ್ಲ ಪಟ್ಟಿಗಳಲ್ಲೂ ಅತಿ ಹೆಚ್ಚು ನೆಚ್ಚಬಹುದಾದ ಅಂಶವಿದು. ಆದರೆ ಹಿಂದಿನ ತಲೆಮಾರಿನವರಲ್ಲಿ ಹುಟ್ಟಿದ ವರ್ಷವನ್ನು ‘ಬರಗಾಲದ ಮುಂದಿನ ವರ್ಷ’ ಎಂದು ಹೇಳುವವರು ಉತ್ತರ ಕರ್ನಾಟಕದಲ್ಲಿ ಅಪರೂಪವಲ್ಲ.

ಗಮನಿಸಬೇಕಾದ ವಿಷಯವೆಂದರೆ, ಮುನ್ಸೂಚನೆಗೆ ಬೇಕಾದ ಈ ಅಂಶಗಳಲ್ಲಿ ಹೆಚ್ಚಿನವಕ್ಕೆ ಶಸ್ತ್ರಚಿಕಿತ್ಸೆಯ ಕೊಠಡಿಯಾಗಲಿ ದೊಡ್ಡ ಯಂತ್ರವಾಗಲಿ ಬೇಕಿಲ್ಲ. ವಯಸ್ಸು, ಹಿಂದಿನ ಲಯಭಂಗ, ದಮ್ಮು, ನಡೆಯುತ್ತಿರುವ ಗುಳಿಗೆಗಳು, ವರ್ಷಕ್ಕೊಂದು ಇ.ಸಿ.ಜಿ. ಇವು ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ದೊರೆಯಬಹುದಾದ ಸಂಗತಿಗಳು. ಬೈಪಾಸ್ ನಂತರದ ಲಯಭಂಗವನ್ನು ಮುನ್ನರಿಯುವ ಕೆಲಸದ ದೊಡ್ಡ ಪಾಲು ಮಹಾನಗರದ ಆಸ್ಪತ್ರೆಗೆ ಸೇರಿದ್ದಲ್ಲ, ರೋಗಿ ಹೊರಡುವ ಊರಿಗೆ ಸೇರಿದ್ದು ಎಂದು ಹೇಳಲು ಇಷ್ಟು ಸಾಕು. ತಡೆಯುವ ಉಪಾಯಗಳಲ್ಲಿಯೂ ಅತ್ಯಂತ ಅಗ್ಗವಾದುದು ಬೀಟಾ ಬ್ಲಾಕರನ್ನು ನಿಲ್ಲಿಸದಿರುವುದು. 2005ರ ಅಧ್ಯಯನವೊಂದರಲ್ಲಿ ಅಮಿಯೊಡರೋನ್ ಎಂಬ ಔಷಧವನ್ನು ಶಸ್ತ್ರಚಿಕಿತ್ಸೆಯ ಹಿಂದುಮುಂದಿನ ಹದಿಮೂರು ದಿನ ಕೊಟ್ಟಾಗ ಲಯಭಂಗವು ಶೇ. 29.5ರಿಂದ 16.1ಕ್ಕೆ ಇಳಿದಿತ್ತು. 2021ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಶಸ್ತ್ರವೈದ್ಯನು ಹೃದಯಪೊರೆಯ ಹಿಂಬದಿಯಲ್ಲಿ ಸಣ್ಣ ಸೀಳು ಮಾಡಿ ನಿಂತ ದ್ರವವು ಹರಿದುಹೋಗುವಂತೆ ಮಾಡಿದಾಗ ಶೇ. 32ರಿಂದ 17ಕ್ಕೆ ಇಳಿಯಿತು. ಇವನ್ನು ಯಾರಿಗೆ ಮಾಡಬೇಕು, ಯಾರಿಗೆ ಬೇಡ ಎಂದು ಆರಿಸಲು ಹೊರಟಾಗ ಮತ್ತೆ ರೋಗಿಯ ಹಿಂದಿನ ಕಾಗದಗಳೇ ಬೇಕಾಗುತ್ತವೆ.

ತಾಲ್ಲೂಕು ಮಟ್ಟದಲ್ಲಿ ಹೃದಯದ ದಾಖಲೆ ಅಸಾಧ್ಯವೇನಲ್ಲ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. ಈ ಶತಮಾನದ ಆರಂಭದ ವರ್ಷಗಳಲ್ಲೇ ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಸಂಪರ್ಕ ಪಡೆದವು. ಕರಾವಳಿಯಲ್ಲಿ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಗೆರೆಯ ಚಿತ್ರವನ್ನು ವಾಟ್ಸ್‌ಆಪ್ ಮೂಲಕ ತರಿಸಿಕೊಂಡು ಸಲಹೆ ಕೊಡುವ ಏರ್ಪಾಟು ಮಾಡಿದರು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ 2023ರಲ್ಲಿ ಆರಂಭವಾದ ‘ಹೃದಯ ಜ್ಯೋತಿ’ ಯೋಜನೆಯು ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಕೃತಕ ಬುದ್ಧಿಮತ್ತೆ ಮತ್ತು ದೂರದ ತಜ್ಞರಿಂದ ಕೆಲವೇ ನಿಮಿಷಗಳಲ್ಲಿ ಓದಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ. ಅದರ ಉದ್ದೇಶ ಹೃದಯಾಘಾತವೇ ಹೊರತು ಲಯಭಂಗವಲ್ಲ. ಆದರೂ ಹೀಗೆ ಒಟ್ಟಾಗುವ ಬಹುಪಾಲು ಗೆರೆಗಳಲ್ಲಿ ‘ಪಿ’ ಅಲೆಯೂ ಇರುತ್ತದೆ. ಎದೆನೋವೆಂದು ಬಂದು, ನೋವು ಹೃದಯದ್ದಲ್ಲವೆಂದು ತಿಳಿದು ಮನೆಗೆ ಹೋದವನ ಕಾಗದವನ್ನು ಎಸೆಯದೆ ಉಳಿಸಿದರೆ, ಐದು ವರ್ಷಗಳ ಮೇಲೆ ಅವನು ಬೈಪಾಸಿಗೆ ಹೋಗುವಾಗ ಅದೇ ಅವನ ಪೂರ್ವಚರಿತ್ರೆ.

2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿಯ ವಿಶೇಷ ಸ್ಥಾನವನ್ನು ಪಡೆದು, 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರನ್ನೂ ಪಡೆದ ಈ ಪ್ರದೇಶಕ್ಕೆ ಹೃದಯ ಶಸ್ತ್ರಚಿಕಿತ್ಸೆಯು ತಡವಾಗಿಯಾದರೂ ಹತ್ತಿರ ಬರುತ್ತಿದೆ. 2016ರಲ್ಲಿ ಕಲಬುರಗಿಯಲ್ಲಿ ಶಾಖೆ ತೆರೆದ ಜಯದೇವ ಸಂಸ್ಥೆಯ ಸ್ವಂತ ಕಟ್ಟಡವು 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು; ವಿಧಿಯ ನೆನಪಿಗೆಂದೇ ಹಾಸಿಗೆಗಳ ಸಂಖ್ಯೆಯನ್ನು 371 ಎಂದು ಇರಿಸಲಾಯಿತು. ಕುಷ್ಟಗಿಯಿಂದ ಅದು ಇನ್ನೂರು ಕಿಲೋಮೀಟರಿನ ಆಸುಪಾಸು. ಗದಗ–ವಾಡಿ ಮಾರ್ಗದ ರೈಲು 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ಬಂದು, ಅಲ್ಲಿಂದ ಹುಬ್ಬಳ್ಳಿಗೆ ನೇರ ಸಂಚಾರ ಆರಂಭವಾಗಿದೆ. ಕಲಬುರಗಿಯ ಆ ಆಸ್ಪತ್ರೆಗೆ ಬರುವವರು ಬಹುಮಟ್ಟಿಗೆ ಒಲೆಯ ಹೊಗೆ, ಕಲ್ಲಿನ ಧೂಳು, ಬಾಲ್ಯದ ಜ್ವರಗಳನ್ನು ಕಂಡ ಇದೇ ಸೀಮೆಯ ಜನ. ಯೂರೋಪಿನ ಮೂರು ಆಸ್ಪತ್ರೆಗಳ ರೋಗಿಗಳಿಂದ ಕಟ್ಟಿದ ಅಂಕಪಟ್ಟಿಯು ಈ ಜನರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಪರೀಕ್ಷಿಸಲು ಬೇಕಾದ ಕಡತಗಳು ಅಲ್ಲಿ ಸೇರಬೇಕು. ಅವುಗಳ ಮೊದಲ ಹಾಳೆಯು ಕುಷ್ಟಗಿ, ಲಿಂಗಸುಗೂರು, ಯಲಬುರ್ಗಾಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಬರೆಯಲ್ಪಟ್ಟು ರೋಗಿಯ ಕೈಚೀಲದಲ್ಲಿ ಹೋಗಬೇಕು, ಶಸ್ತ್ರಚಿಕಿತ್ಸೆಯಾದ ಮೂವತ್ತನೆಯ ದಿನದ ಇ.ಸಿ.ಜಿ. ಅದೇ ಚೀಲದಲ್ಲಿ ಮರಳಿ ಬರಬೇಕು.